ಮಾಡಿನ ಖರ್ಚು ಮಾಯಿ ತಿಂಗಳಿಗೆ

ಕರಾವಳಿಯಲ್ಲಿ ಮನೆ ರಿಪೇರಿ ಎಂದರೆ ಮೇ ತಿಂಗಳು. ಮಳೆಗಾಲದ ಹೊಸ್ತಿಲಲ್ಲಿ ಬರುವ ತುಳುವರ ಪತ್ತನಾಜೆ ಹತ್ತಿರ ಬಂತು ಎನ್ನುವಾಗ ಮಾಡಿಗೆ ಏಣಿ ಬೀಳುತ್ತದೆ, ಪೇಟೆಯ ಅಂಗಡಿಗಳಲ್ಲಿ ಟರ್ಪಾಲು ನೇತಾಡುತ್ತದೆ, ಮೇಸ್ತ್ರಿಯ ಫೋನು ಸದಾ ಬಿಜಿ. ಹಣದ ಲೆಕ್ಕ ಇಟ್ಟು ನೋಡಿದರೆ ಇದಕ್ಕಿಂತ ದುಬಾರಿಯಾದ ತಿಂಗಳು ಇನ್ನೊಂದಿಲ್ಲ. ಅದೇ ಕೆಲಸವನ್ನು ಫೆಬ್ರುವರಿ-ಮಾರ್ಚ್‌ನಲ್ಲಿ, ತುಳುವರ ಲೆಕ್ಕದ ಮಾಯಿ-ಸುಗ್ಗಿಯಲ್ಲಿ ಮುಗಿಸಿದರೆ ಕಡಿಮೆ ದುಡ್ಡಿಗೆ ಹೆಚ್ಚು ಬಾಳಿಕೆ ಸಿಗುತ್ತದೆ ಎನ್ನುವುದು ನನ್ನ ವಾದ. ಎಪ್ರಿಲ್ ಕೊನೆಯಿಂದಲೇ ಸಂಜೆಯ ಗುಡುಗುಮಳೆ ಶುರುವಾಗುತ್ತದೆ. ಬೆಳಿಗ್ಗೆ ಹಚ್ಚಿದ ಬಣ್ಣ ಒಣಗುವ ಮೊದಲೇ ತೊಳೆದುಹೋಗಬಹುದು. ಮಳೆ ಬಾರದ ದಿನ ಕಾದ ಗೋಡೆಯ ಮೇಲೆ ಬಣ್ಣ ಬೇಕಾದ್ದಕ್ಕಿಂತ ಬೇಗ ಒಣಗಿ ಸರಿಯಾಗಿ ಹಿಡಿಯುವುದಿಲ್ಲ. ಸಿಮೆಂಟು ಕೆಲಸಕ್ಕೆ ಕನಿಷ್ಠ ಒಂದು ವಾರ ನೀರುಣಿಸಬೇಕು, ಹೊಸ ಗಾರೆಗೆ ಬಣ್ಣ ಕಾಣಿಸುವ ಮೊದಲು ಸುಮಾರು 28 ದಿನ ಬಿಡಬೇಕು. ಮೇ 10ಕ್ಕೆ ಗಾರೆ ಮಾಡಿಸಿದವನಿಗೆ ಈ ಲೆಕ್ಕ ಕೂಡಿಬರುವುದೇ ಇಲ್ಲ. ಬಾವಿಯ ನೀರನ್ನೂ ಮರೆಯಬಾರದು: ಫೆಬ್ರುವರಿಯಲ್ಲಿ ಧಾರಾಳವಾಗಿರುವ ಬಾವಿ ಮೇ ಹೊತ್ತಿಗೆ ತಳ ಕಂಡಿರುತ್ತದೆ, ಆಗ ಗೋಡೆಗೆ ಉಣಿಸುವ ನೀರು ಟ್ಯಾಂಕರಿನದು.

ಕೂಲಿಯ ವಿಷಯ ಇನ್ನೂ ಸ್ಪಷ್ಟ. ಎಪ್ರಿಲ್-ಮೇ ಮದುವೆಗಳ ಕಾಲ, ಗೃಹಪ್ರವೇಶಗಳ ಕಾಲ. ಪೈಂಟರು, ಗಾರೆಯವರು, ಹಂಚು ಇಡುವವರು ಎಲ್ಲರೂ ಎಲ್ಲರಿಗೂ ಒಟ್ಟಿಗೇ ಬೇಕು. ಹೊರಗಿನಿಂದ ಬಂದ ಕೆಲಸಗಾರರಲ್ಲಿ ಹಲವರು ಅದೇ ಹೊತ್ತಿಗೆ ತಮ್ಮೂರಿಗೆ ಹೊರಟಿರುತ್ತಾರೆ. ಹೀಗಾದಾಗ ದರ ಏರುವುದು ಸಹಜ, ಅದಕ್ಕಿಂತ ಹೆಚ್ಚಿನ ನಷ್ಟ ಕೆಲಸದ ಗುಣದಲ್ಲಿ. ಮೂರು ದಿನದ ಕೆಲಸವನ್ನು ಒಂದೂವರೆ ದಿನದಲ್ಲಿ ಮುಗಿಸಿ ಓಡುವ ಮೇಸ್ತ್ರಿಯನ್ನು ನಾನು ದೂರಲಾರೆ; ಅವನಿಗೆ ಇನ್ನೂ ಹತ್ತು ಮನೆಗಳಿವೆ. ಫೆಬ್ರುವರಿಯಲ್ಲಿ ಅವನೇ ನಿಂತು ಮಾತಾಡುತ್ತಾನೆ, ದರ ಇಳಿಸುತ್ತಾನೆ, ಒಡೆದ ಹಂಚಿನ ಜೊತೆ ಗೆದ್ದಲು ಹಿಡಿದ ಪಕ್ಕಾಸನ್ನೂ ತೋರಿಸುತ್ತಾನೆ.

ಮುಂದೂಡಿದ ರಿಪೇರಿಯೂ ಒಂದು ಸಾಲವೇ, ಅದರ ಬಡ್ಡಿ ಎಷ್ಟೆಂದು ಸಜ್ಜೆಯ ಸಣ್ಣ ಬಿರುಕಿನಲ್ಲಿ ನೋಡಬಹುದು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಅಂದರೆ 1,000 ಚದರಡಿಯ ತಾರಸಿಯ ಮೇಲೆ ಸುಮಾರು 3.25 ಲಕ್ಷ ಲೀಟರ್ ನೀರು, ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕೂದಲೆಳೆಯಷ್ಟು ಬಿರುಕು ಸಿಕ್ಕರೂ ಆ ನೀರಿಗೆ ಸಾಕು. ಕಡಲ ಗಾಳಿಯ ಉಪ್ಪೂ ಜೊತೆಗೆ ಸೇರಿ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ, ಜಾಗ ಸಿಗದಾಗ ಕಾಂಕ್ರೀಟನ್ನೇ ಒಡೆದು ಹೊರಬರುತ್ತದೆ. ಮೊದಲ ವರ್ಷ ಬಿರುಕು ತುಂಬಿಸಲು ಒಬ್ಬ ಮೇಸ್ತ್ರಿಯ ಅರ್ಧ ದಿನ ಸಾಕಿತ್ತು. ಕಬ್ಬಿಣ ಹೊರಗೆ ಕಂಡ ಮೇಲೆ ಸುತ್ತಲಿನ ಕಾಂಕ್ರೀಟು ಕೆತ್ತಬೇಕು, ಸರಳು ಉಜ್ಜಬೇಕು, ತುಕ್ಕುನಿರೋಧಕ ಹಚ್ಚಬೇಕು, ಪಾಲಿಮರ್ ಬೆರೆಸಿದ ಗಾರೆಯಿಂದ ಮತ್ತೆ ಕಟ್ಟಬೇಕು. ಅದನ್ನೂ ಬಿಟ್ಟರೆ ಸಜ್ಜೆಯನ್ನೇ ಕೆಡವಬೇಕು. ಬ್ಯಾಂಕಿನ ಸಾಲವಾದರೆ ತಿಂಗಳಿಗೊಮ್ಮೆ ಸಂದೇಶವಾದರೂ ಬರುತ್ತದೆ. ಈ ಸಾಲ ಯಾರಿಗೂ ಕಾಣದೆ ಬೆಳೆಯುತ್ತದೆ. ವಿಮೆ ಇದೆಯಲ್ಲ ಎನ್ನುವವರು ತಮ್ಮ ಪಾಲಿಸಿಯನ್ನು ಒಮ್ಮೆ ಓದಲಿ. ಗೃಹವಿಮೆ ಹಣ ಕೊಡುವುದು ಬಿರುಗಾಳಿ, ನೆರೆ, ಸಿಡಿಲಿನಂಥ ಹಠಾತ್ ಹಾನಿಗೆ. ಹತ್ತು ಮಳೆಗಾಲ ಸದ್ದಿಲ್ಲದೆ ಜಿನುಗಿದ ನೀರಿಗೆ ಅಲ್ಲಿ ಜಾಗವಿಲ್ಲ.

ಇದೆಲ್ಲ ಒಪ್ಪಿದರೂ ಫೆಬ್ರುವರಿಯಲ್ಲಿ ದುಡ್ಡೆಲ್ಲಿ ಎಂಬ ಪ್ರಶ್ನೆ ಉಳಿಯುತ್ತದೆ. ಸಂಬಳದಾರರ ಕೈ ತೀರಾ ಬಿಗಿಯಾಗುವುದು ವರ್ಷದ ತೆರಿಗೆಯ ಬಾಕಿಯೆಲ್ಲ ಕಡಿತವಾಗುವ ಫೆಬ್ರುವರಿ, ಮಾರ್ಚ್ ತಿಂಗಳಲ್ಲೇ, ನಿಜ. ಆದರೆ ಜೂನಿನ ಶಾಲಾ ಫೀಸಿನ ಮುಂದೆ ನಿಲ್ಲುವ ಮೇ ತಿಂಗಳು ಹೆಚ್ಚು ಉದಾರವೇನೂ ಅಲ್ಲ. ಆ ಹೊತ್ತಿಗೆ ಬಂಗಾರ ಅಡವಿಟ್ಟೋ ವೈಯಕ್ತಿಕ ಸಾಲ ಮಾಡಿಯೋ ತಾರಸಿ ಸರಿಪಡಿಸುವವರೂ ಇದ್ದಾರೆ. ನನಗೆ ಸರಿ ಕಾಣುವ ದಾರಿ ಫೆಬ್ರುವರಿ ಮೊದಲ ವಾರ ಕೈಗೆ ಬರುವಂತೆ ಹನ್ನೆರಡು ತಿಂಗಳ ಬ್ಯಾಂಕ್ ಆರ್‌ಡಿ. ಮೊತ್ತ ಎಷ್ಟು? ಮನೆಯ ಬೆಲೆಯ ಶೇ 1 ಎಂಬ ಅಮೆರಿಕದ ಸೂತ್ರ ಇಲ್ಲಿ ಹಾಗೆಯೇ ಕೆಲಸ ಮಾಡದು, ಏಕೆಂದರೆ ನಮ್ಮಲ್ಲಿ ಬೆಲೆಯ ದೊಡ್ಡ ಪಾಲು ಜಾಗದ್ದು, ಜಾಗ ಸೋರುವುದಿಲ್ಲ. ಇಂದು ಅದೇ ಮನೆ ಕಟ್ಟಲು ತಗಲುವ ಖರ್ಚಿನ ಮೇಲೆ ಶೇ 1 ಹಾಕಿ. 1,200 ಚದರಡಿಗೆ ಚದರಡಿಯೊಂದಕ್ಕೆ 2,200 ರೂಪಾಯಿ ಎಂದುಕೊಂಡರೆ 26.4 ಲಕ್ಷ, ಅದರ ಶೇ 1 ಎಂದರೆ 26,400, ತಿಂಗಳಿಗೆ 2,200 ರೂಪಾಯಿ. ಕಡಲಿಗೆ ಹತ್ತಿರವಿದ್ದರೆ, ಮನೆಗೆ ಇಪ್ಪತ್ತು ದಾಟಿದ್ದರೆ ಶೇ 1.5 ಇಡುವುದು ಲೇಸು. ಒಂದು ವರ್ಷ ಖರ್ಚಾಗದೆ ಉಳಿದರೆ ಅದನ್ನು ಟಿವಿಗೆ ಕೊಡಬೇಡಿ, ಐದಾರು ವರ್ಷಕ್ಕೊಮ್ಮೆ ಬರುವ ಹೊರಗೋಡೆಯ ಬಣ್ಣಕ್ಕೆ ಅದು ಬೇಕು. ಬಾಡಿಗೆಗೆ ಕೊಟ್ಟ ಮನೆಯಾದರೆ ತೆರಿಗೆ ಕಾನೂನೇ ಒಂದು ಸುಳಿವು ಕೊಡುತ್ತದೆ: ಬಾಡಿಗೆಯಲ್ಲಿ ಮನೆ ತೆರಿಗೆ ಕಳೆದು ಉಳಿದುದರ ಶೇ 30ರಷ್ಟನ್ನು, ನೀವು ರಿಪೇರಿಗೆ ಒಂದು ರೂಪಾಯಿ ಹಾಕಿರಲಿ ಬಿಡಲಿ, ಆದಾಯದಿಂದ ಕಳೆಯಬಹುದು. ಅದನ್ನು ಪಡೆದವರು ಅದರ ಸ್ವಲ್ಪ ಪಾಲನ್ನಾದರೂ ಗೋಡೆಗೆ ಮರಳಿಸುವುದು ನ್ಯಾಯ.

ಸೋರುವ ಜಾಗ ತಿಳಿಯುವುದು ಮಳೆಯಲ್ಲಿ, ಬಿಸಿಲಲ್ಲಿ ಏನು ಹುಡುಕುವುದು ಎಂಬ ಆಕ್ಷೇಪಕ್ಕೆ ತೂಕವಿದೆ. ಅದಕ್ಕೇ ಜುಲೈನಲ್ಲಿ ಒದ್ದೆ ಕಂಡಲ್ಲೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆದು ಫೋಟೊ ತೆಗೆದಿಡಬೇಕು. ಅನುಮಾನವಿದ್ದರೆ ಫೆಬ್ರುವರಿಯಲ್ಲಿ ತಾರಸಿಯ ಕೊಳವೆಬಾಯಿ ಮುಚ್ಚಿ ಒಂದೆರಡು ಇಂಚು ನೀರು ನಿಲ್ಲಿಸಿ ಒಂದು ದಿನ ಬಿಟ್ಟು ನೋಡಿದರೆ ಗುಟ್ಟು ರಟ್ಟಾಗುತ್ತದೆ. ಇದಕ್ಕೂ ಬಾವಿಯಲ್ಲಿ ನೀರಿರಬೇಕು. ಇನ್ನು ಕೆಲವರ ಉತ್ತರ ತಾರಸಿಯ ಮೇಲೊಂದು ಶೀಟಿನ ಮಾಡು. ಒಳ್ಳೆಯದೇ, ಆದರೆ ಅದೂ ತಗಡು: ಸ್ಕ್ರೂ ಸಡಿಲಾಗುತ್ತದೆ, ವಾಶರ್ ಬಿಸಿಲಿಗೆ ಬಿರಿಯುತ್ತದೆ, ಮಾಡಿನ ನೀರು ಹರಿಯುವ ದೋಣಿಯಲ್ಲಿ ಎಲೆ ತುಂಬುತ್ತದೆ. ಆಮೇಲೆ ವರ್ಷಗಟ್ಟಲೆ ಯಾರೂ ಮೇಲೆ ಹತ್ತದಿರುವುದೇ ಅದರ ದೊಡ್ಡ ದೋಷ. ಹಣ ಕಡಿಮೆ ಬಿದ್ದರೆ ಮೊದಲು ನೀರಿನ ದಾರಿ: ಹಂಚು, ದೋಣಿ, ತಾರಸಿಯ ಕೊಳವೆ, ಸಜ್ಜೆ. ಒಳಗೋಡೆಯ ಬಣ್ಣ ಕಟ್ಟಕಡೆಗೆ. ಮದುವೆಯ ನೆಪದಲ್ಲಿ ಎಲ್ಲರೂ ಮಾಡುವುದು ಇದರ ತಿರುಗುಮುರುಗು. ಹಸಿ ಗೋಡೆಗೆ ಬಳಿದ ಬಣ್ಣ ಮರುವರ್ಷ ಉಪ್ಪು ಬಿಟ್ಟು ಹಪ್ಪಳವಾಗಿ ಏಳುತ್ತದೆ.

ಮನೆಗೆ ಬೀಗ ಹಾಕಿ ಮುಂಬಯಿಯಲ್ಲೋ ಗಲ್ಫಿನಲ್ಲೋ ಇರುವವರ ಪಾಡು ಇನ್ನೂ ಕಷ್ಟ. ಮುಂಬಯಿಯವರು ಊರಿಗೆ ಬರುವುದು ಮೇ ರಜೆಗೆ, ದರ ಉತ್ತುಂಗದಲ್ಲಿರುವಾಗ. ಗಲ್ಫಿನ ಮಕ್ಕಳಿಗೆ ರಜೆ ಜುಲೈ-ಆಗಸ್ಟ್‌ನಲ್ಲಿ. ಸೋರುವುದು ಕಣ್ಣಿಗೆ ಕಾಣುತ್ತದೆ, ಸರಿಪಡಿಸುವ ಹಾಗಿಲ್ಲ. ಹಾಗೆ ಬಂದವರು ಫೋಟೊಗಳನ್ನು ಅಲ್ಲೇ ಮೇಸ್ತ್ರಿಗೆ ತೋರಿಸಿ, ಮಾಯಿಯಲ್ಲಿ ದಿನ ಗೊತ್ತುಮಾಡಿ, ಸಣ್ಣ ಮುಂಗಡ ಕೊಟ್ಟು ಹೋಗುವುದು ವಾಸಿ. ಉಳಿದ ಹಣವನ್ನು ಕಂತಿನಲ್ಲಿ ಕೊಡಿ, ಕೊನೆಯ ಕಂತನ್ನು ಜೂನಿನ ಮೊದಲ ಜಡಿಮಳೆ ಕಳೆದ ಮೇಲೆ. ಈ ಷರತ್ತನ್ನು ಫೆಬ್ರುವರಿಯಲ್ಲಿ ಒಪ್ಪುವ ಮೇಸ್ತ್ರಿಗಳು ಸಿಗುತ್ತಾರೆ.