ಬ್ರೇಕಿನೊಳಗೆ ಸೇರಿದ ಗಾಳಿ



ಕಳೆದ ತಿಂಗಳು ನಮ್ಮ ಸೋದರಮಾವ ಹಳೇ ಜೀಪಿಗೆ ಕಾಯಿ ತುಂಬಿಕೊಂಡು ತಿಪಟೂರಿಗೆ ಹೊರಟಿದ್ದರು. ನಾನೂ ಪಕ್ಕದಲ್ಲಿ ಕೂತಿದ್ದೆ. ತೋಟದ ಇಳಿಜಾರಿನಲ್ಲಿ ಬ್ರೇಕ್ ತುಳಿದರೆ ಪೆಡಲ್ಲು ಸೀದಾ ತಳಕ್ಕೆ ಹೋಯಿತು! ಮಾವ ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗಾಡಿಯನ್ನು ಮಟ್ಟೆ ರಾಶಿಗೆ ನುಗ್ಗಿಸಿ ನಿಲ್ಲಿಸಿದರು. ಹ್ಯಾಂಡ್ ಬ್ರೇಕಿಗೆ ಆಯಿಲ್ ಬೇಕಿಲ್ಲ, ತಂತಿಯಲ್ಲೇ ಎಳೆಯುವುದು. ಅದರಿಂದ ಬದುಕಿದೆವು.

ಇಳಿದು ಬಗ್ಗಿ ನೋಡಿದರೆ ಹಿಂದಿನ ಎಡಚಕ್ರದ ಹತ್ತಿರ ಒದ್ದೆ. ಅಲ್ಲಿಗೆ ಹೋಗುವ ಸಣ್ಣ ಪೈಪು ತುಕ್ಕು ಹಿಡಿದು ಸೂಜಿಮೊನೆಯಷ್ಟು ತೂತಾಗಿತ್ತು. ಅಷ್ಟಕ್ಕೇ ನಾಲ್ಕೂ ಚಕ್ರದ ಬ್ರೇಕು ಹೋಗುವುದು ಹೇಗೆ?

ಫ್ರಾನ್ಸ್ ದೇಶದ ಬ್ಲೇಸ್ ಪ್ಯಾಸ್ಕಲ್ (1623–1662) ಹೇಳಿದ ನಿಯಮ ನಾವು ಓದಿದ್ದೇವೆ. ಮುಚ್ಚಿದ ಪಾತ್ರೆಯ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಉದಾಹರಣೆಗೆ, ಕಾಲಿನಿಂದ 20 ಕೆ.ಜಿ. ಬಲ ಹಾಕಿದೆವು ಅನ್ನಿ. ಪೆಡಲ್ಲಿನ ಸನ್ನೆ ಅದನ್ನು 5 ಪಟ್ಟು ಮಾಡಿದರೆ 100 ಕೆ.ಜಿ. ಮಾಸ್ಟರ್ ಸಿಲಿಂಡರಿನ ಪಿಸ್ಟನ್ 4 ಚದರ ಸೆಂ.ಮೀ. ಇದ್ದರೆ ಒತ್ತಡ ಚದರ ಸೆಂ.ಮೀ.ಗೆ 25 ಕೆ.ಜಿ. ಇದು ಪೈಪುಗಳಲ್ಲಿ ಹೋಗಿ ಪ್ರತಿ ಚಕ್ರದ ಬ್ರೇಕ್ ಶೂಗಳನ್ನು ತಳ್ಳಬೇಕು. ತೂತು ಬಿದ್ದರೆ ಒತ್ತಡ ನಿಲ್ಲುವುದೇ ಇಲ್ಲ. ಈಗಿನ ಗಾಡಿಗಳಲ್ಲಿ ಎರಡು ಬೇರೆ ಬೇರೆ ದಾರಿ ಇರುತ್ತವೆ, ಒಂದು ಹೋದರೂ ಇನ್ನೊಂದು ಇರುತ್ತದೆ. ನಮ್ಮ ಜೀಪಿನದು ಒಂದೇ ದಾರಿ.

ಮಾವ ಹತ್ತು ವರ್ಷ ಲಾರಿ ಓಡಿಸಿದವರು, ರಿಪೇರಿಯೂ ಬಲ್ಲರು. (ನೀವೇ ಗಾಡಿ ಕೆಳಗೆ ನುಗ್ಗಬೇಡಿ.) ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕಿಯೊಂದನ್ನೇ ನಂಬದೆ ಆಕ್ಸಲ್ ಕೆಳಗೆ ದಪ್ಪ ಮರದ ದಿಮ್ಮಿ ಇಟ್ಟರು. ತುಕ್ಕು ಹಿಡಿದ ನಟ್ಟಿಗೆ ಸೀಮೆಎಣ್ಣೆ ಬಿಟ್ಟು ರಾತ್ರಿಯೆಲ್ಲ ನೆನೆಸಿ, ಮರುದಿನ ಬಿಚ್ಚಿದರು. ಹಳೇ ಪೈಪನ್ನೇ ಅಳತೆಗೆ ಒಯ್ದು ಅಂಥದೇ ಉಕ್ಕಿನ ಪೈಪು ತಂದರು. ಅದರ ತುದಿಗಳನ್ನು ತುತ್ತೂರಿ ಬಾಯಿಯಂತೆ ಅಗಲಿಸಿ ಮಡಿಸಿರುತ್ತಾರೆ. ತಾಮ್ರದ ಪೈಪು ಸುಲಭವಾಗಿ ಬಾಗುತ್ತದೆ ಅಂತ ಹಾಕಬಾರದು, ಅಲುಗಾಟಕ್ಕೆ ಬಿರುಕು ಬಿಡುತ್ತದೆ.

ಅಷ್ಟರಲ್ಲಿ ಅಜ್ಜಿ, “ಡಬ್ಬಗಟ್ಲೆ ಕೊಬ್ರಿ ಎಣ್ಣೆ ಐತಲ್ಲ, ಅದ್ನೇ ಹುಯ್ಯಿ” ಅಂದರು. ಮಾವ ನಕ್ಕರು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಯಾಗುತ್ತದೆ. ಧನುರ್ಮಾಸದ ಬೆಳಿಗ್ಗೆ ಬಾಟಲಿ ನೋಡಿದ್ದೀರಲ್ಲ! ಆದರೆ ಅಜ್ಜಿ ಮಾತು ಪೂರಾ ತಪ್ಪೂ ಅಲ್ಲ. ಮೊದಮೊದಲು ಬ್ರೇಕಿಗೆ ಹರಳೆಣ್ಣೆಗೆ ಆಲ್ಕೋಹಾಲ್ ಬೆರೆಸಿ ಹಾಕುತ್ತಿದ್ದರು. ಈಗಿನದು ಬೇರೆ ರಾಸಾಯನಿಕ. ಡಾಟ್ 3 ಅನ್ನುವ ಹೊಸ ಆಯಿಲ್ 205 ಡಿಗ್ರಿವರೆಗೂ ಕುದಿಯಬಾರದು. ಅದು ಗಾಳಿಯ ತೇವ ಹೀರುತ್ತದೆ, ಆಮೇಲೆ ಬೇಗ ಕುದಿಯುತ್ತದೆ. ಅದಕ್ಕೇ ತೆರೆದಿಟ್ಟ ಡಬ್ಬಿಯದು ಬೇಡ. ಬಣ್ಣದ ಮೇಲೆ ಬಿದ್ದರೆ ಬಣ್ಣ ಕಿತ್ತು ಬರುತ್ತದೆ, ತಕ್ಷಣ ನೀರು ಹಾಕಿ ತೊಳೆಯಬೇಕು.

ಪೈಪು ಕೂಡಿಸಿದ ಮೇಲೆ ಒಳಗಿನ ಗಾಳಿ ತೆಗೆಯಬೇಕು. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರ ಮೊದಲು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಚಕ್ರದ ಹಿಂದಿನ ನಿಪ್ಪಲ್ಲಿಗೆ ಪಾರದರ್ಶಕ ಟ್ಯೂಬು ಹಾಕಿ, ಇನ್ನೊಂದು ತುದಿಯನ್ನು ಬಾಟಲಿಯ ಆಯಿಲಿನಲ್ಲಿ ಮುಳುಗಿಸಿದರು. ಪೆಡಲ್ ತುಳಿಯುವುದು ನನ್ನ ಕೆಲಸ. “ತುಳಿ” ಅಂದಾಗ ತುಳಿದು ಹಿಡಿಯಬೇಕು. ಮಾವ ನಿಪ್ಪಲ್ ಸಡಿಲಿಸಿದರೆ ಗುಳ್ಳೆ ಬರುತ್ತದೆ. ಅವರು ಅದನ್ನು ಬಿಗಿ ಮಾಡಿ “ಬುಡು” ಅನ್ನುವವರೆಗೆ ಕಾಲು ಎತ್ತಬಾರದು. ಮೇಲಿನ ಡಬ್ಬಿಯ ಆಯಿಲ್ ತಳ ಕಾಣಲೂಬಾರದು.

ಎರಡನೇ ಚಕ್ರಕ್ಕೆ ನನ್ನ ಕಾಲು ನೋಯತೊಡಗಿತು, ಮೊದಲೇ ಎತ್ತಿಬಿಟ್ಟೆ. “ಬುಟ್ಟೆಯೇನ್ಲಾ?” ಕೇಳಿದರು. “ಇಲ್ಲ ಮಾವ” ಅಂದೆ. ನಾಲ್ಕೂ ಮುಗಿಸಿ ತುಳಿದರೆ ಪೆಡಲ್ಲು ನೆನೆದ ಸ್ಪಂಜಿನ ಹಾಗೆ ಮೆತ್ತಗಿತ್ತು. ಮಾವ ಪೈಪಿನ ನಟ್ಟುಗಳನ್ನೆಲ್ಲ ಮತ್ತೆ ನೋಡಿದರು. ಎಲ್ಲೂ ಸೋರಿಕೆ ಇಲ್ಲ. ಪೈಪೇ ಸರಿಯಿಲ್ಲ, ಬದಲಾಯಿಸಿಕೊಂಡು ಬರ್ತೀನಿ ಅಂತ ಹೊರಟರು. ಆಗ ಹೇಳಿದೆ. ಬೈಯಲಿಲ್ಲ. “ಇಳಿಜಾರ್ನಾಗೆ ಗೊತ್ತಾಗೋದು, ಇಲ್ಲೇ ಗೊತ್ತಾಯ್ತು, ತುಳಿ” ಅಂದರು. ಎರಡನೇ ಚಕ್ರದಿಂದ ಮತ್ತೆ ಶುರು. ಸಣ್ಣ ಸಣ್ಣ ಗುಳ್ಳೆ ಬಂದವು, ಆಮೇಲೆ ಬರೀ ಆಯಿಲ್. ಪೆಡಲ್ಲು ಕಲ್ಲಿನಂತಾಯಿತು. ಒಂದು ನಿಮಿಷ ಒತ್ತಿ ಹಿಡಿದರೂ ಇಳಿಯಲಿಲ್ಲ. ಕಣದಲ್ಲಿ ನಿಧಾನವಾಗಿ ಓಡಿಸಿ ನೋಡಿ, ಮೆಕ್ಯಾನಿಕ್ ಒಬ್ಬರಿಗೂ ತೋರಿಸಿ, ಆಮೇಲೆ ಕಾಯಿ ತುಂಬಿದೆವು.

ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ ಅನ್ನುವುದನ್ನು ಸೂಜಿಯಿಲ್ಲದ ಸಿರಿಂಜಿನಲ್ಲಿ ನೋಡಬಹುದು. ಬಾಯಿಗೆ ಬೆರಳಿಟ್ಟು, ಒಮ್ಮೆ ಗಾಳಿ, ಒಮ್ಮೆ ನೀರು ತುಂಬಿ ಒತ್ತಿ. ಆಮೇಲೆ ನೀರಿನಲ್ಲಿ ಒಂದೇ ಗುಳ್ಳೆ ಬಿಟ್ಟು ಒತ್ತಿ. ಹೊಸ ಸಿರಿಂಜು ನನ್ನ ಹತ್ತಿರ ಇದೆ, ಬೇಕಾದವರು ಊಟದ ಬಿಡುವಿನಲ್ಲಿ ಬನ್ನಿ.