ಕಾಣದ ಗಾಯ

ಕಾರ್ಖಾನೆಯಲ್ಲಿ ಯಂತ್ರಕ್ಕೆ ಕೈ ಸಿಕ್ಕಿ ಗಾಯವಾದರೆ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಗಾಯಗೊಂಡವನಿಗೆ ಚಿಕಿತ್ಸೆ ದೊರೆಯುತ್ತದೆ; ಅಪಘಾತವು ಮರುಕಳಿಸದಂತೆ ಏರ್ಪಾಡೂ ಆಗುತ್ತದೆ. ಆದರೆ ದಿನದಿನವೂ ಕೇಳಬೇಕಾದ ಕುಹಕದ ಮಾತಿನಿಂದ, ತಿರಸ್ಕಾರದಿಂದ ಮನಸ್ಸಿಗಾಗುವ ಗಾಯವು ಕಾಣುವುದಿಲ್ಲ. ಕಾಣದಿರುವುದರಿಂದಲೇ ಅದನ್ನು ಬಹುಕಾಲ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಈ ಗಾಯವನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದ ಮೊದಲಿಗರಲ್ಲಿ ಹೈಂಟ್ಸ್ ಲೈಮನ್ ಒಬ್ಬರು.

ಲೈಮನ್ ಅವರು 1932ರಲ್ಲಿ ಜರ್ಮನಿಯಲ್ಲಿ ಜನಿಸಿ, ಮುಂದೆ ಸ್ವೀಡನ್ ದೇಶದಲ್ಲಿ ನೆಲೆಸಿದರು. ಮನಶ್ಶಾಸ್ತ್ರಜ್ಞರಾದ ಅವರು 1980ರ ದಶಕದಲ್ಲಿ ಅಲ್ಲಿಯ ಕೆಲಸಗಾರರ ಸ್ಥಿತಿಗತಿಗಳನ್ನು ಅಭ್ಯಸಿಸಿದರು. ಒಬ್ಬರೋ ಹಲವರೋ ಸೇರಿ ಒಬ್ಬನನ್ನು ಗುರಿಮಾಡಿ ಪೀಡಿಸುವ ನಡವಳಿಕೆಯನ್ನು ಅವರು ‘ಮಾಬಿಂಗ್’ ಎಂದು ಕರೆದರು. ಕಾಗೆಗಳ ಹಿಂಡು ಗೂಬೆಯೊಂದನ್ನು ಸುತ್ತುವರಿದು, ಅರಚುತ್ತ ಅಟ್ಟುವುದನ್ನು ನಾವು ನೋಡಿದ್ದೇವೆ. ಪ್ರಾಣಿಪಕ್ಷಿಗಳ ಇಂತಹ ವರ್ತನೆಗೆ ವಿಜ್ಞಾನಿಗಳು ಬಳಸುತ್ತಿದ್ದ ಪದವನ್ನೇ ಲೈಮನ್ ದುಡಿಮೆಯ ಕ್ಷೇತ್ರಕ್ಕೆ ತಂದರು.

ಇಂತಹ 45 ಬಗೆಯ ವರ್ತನೆಗಳನ್ನು ಅವರು ಪಟ್ಟಿಮಾಡಿದರು. ಮಾತನಾಡಲು ಅವಕಾಶ ಕೊಡದಿರುವುದು, ಎದುರಿಗಿದ್ದರೂ ಇಲ್ಲದವನಂತೆ ಕಾಣುವುದು, ಬೆನ್ನ ಹಿಂದೆ ಗಾಳಿಮಾತು ಹಬ್ಬಿಸುವುದು, ಕೆಲಸವನ್ನೇ ಕೊಡದೆ ಕುಳ್ಳಿರಿಸುವುದು ಇವುಗಳಲ್ಲಿ ಕೆಲವು. ಒಂದು ದಿನದ ಕೋಪವಾಗಲಿ, ಅಭಿಪ್ರಾಯಭೇದವಾಗಲಿ ಪೀಡನೆಯಲ್ಲ. ವಾರಕ್ಕೊಮ್ಮೆಯಾದರೂ, ಕಡೆಯ ಪಕ್ಷ ಆರು ತಿಂಗಳ ಕಾಲ ನಡೆದರೆ ಅದು ಪೀಡನೆ ಎಂಬುದು ಅವರ ಅಳತೆಗೋಲು. ಹನಿಗೂಡಿ ಹಳ್ಳವಾಗುವಂತೆ, ಸಣ್ಣ ಅವಮಾನಗಳು ಕೂಡಿಕೊಂಡು ನಿದ್ರೆಯನ್ನು ಕೆಡಿಸುತ್ತವೆ, ಖಿನ್ನತೆಯನ್ನು ತರುತ್ತವೆ.

ಪೀಡಿತನನ್ನು ಕುರಿತು ಜನರು, ‘ಅವನ ಸ್ವಭಾವವೇ ಸರಿಯಿಲ್ಲ’ ಎನ್ನುವುದುಂಟು. ಲೈಮನ್ ಇದನ್ನು ಒಪ್ಪಲಿಲ್ಲ. ಯಾರ ಹೊಣೆ ಯಾವುದೆಂಬುದು ಸ್ಪಷ್ಟವಾಗಿಲ್ಲದ ಕೆಲಸದ ವ್ಯವಸ್ಥೆ, ಕಂಡೂ ಕಾಣದಂತಿರುವ ಮೇಲಧಿಕಾರಿ, ಇವುಗಳಲ್ಲಿಯೇ ಪೀಡನೆಯ ಬೇರುಗಳಿವೆ ಎಂದು ಅವರು ಪ್ರತಿಪಾದಿಸಿದರು. ದೀರ್ಘಕಾಲ ಪೀಡನೆಗೊಳಗಾದವನು ಸಿಡುಕನೂ ಸಂಶಯಗ್ರಸ್ತನೂ ಆಗಬಹುದು. ನೋಡುವವರು ಈ ಪರಿಣಾಮವನ್ನೇ ಕಾರಣವೆಂದು ಭಾವಿಸುತ್ತಾರೆ. ಇದರಿಂದ ಪೀಡಿತನಿಗೆ ಎರಡನೆಯ ಬಾರಿ ಅನ್ಯಾಯವಾಗುತ್ತದೆ.

ಈ ಅರಿವು ಕ್ರಮೇಣ ಕಾನೂನಿನಲ್ಲಿಯೂ ಮೂಡಿತು. 1993ರಲ್ಲಿ ಸ್ವೀಡನ್ ದೇಶವು ಇಂತಹ ಪೀಡನೆಯನ್ನು ತಡೆಯುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸುವ ನಿಯಮವನ್ನು ಹೊರಡಿಸಿತು. ನಮ್ಮ ದೇಶದಲ್ಲಿ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲೆ ನಡೆಯುವ ಲೈಂಗಿಕ ಕಿರುಕುಳವನ್ನು ತಡೆಯಲು 2013ರಲ್ಲಿ ಕಾಯಿದೆಯಾಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 2019ರಲ್ಲಿ ದುಡಿಮೆಯ ಕ್ಷೇತ್ರದ ಹಿಂಸೆ ಮತ್ತು ಕಿರುಕುಳಗಳ ವಿರುದ್ಧ ಒಡಂಬಡಿಕೆಯನ್ನು ಅಂಗೀಕರಿಸಿತು.

ಆದರೆ ಕಾನೂನೊಂದೇ ಸಾಲದು. ನೊಂದವನು ನಡೆದುದನ್ನು ದಿನಾಂಕಸಹಿತ ಬರೆದಿಟ್ಟುಕೊಂಡು, ನಂಬಿಕಸ್ಥರಿಗೆ ತಿಳಿಸಬೇಕು. ತಪ್ಪನ್ನು ತಿದ್ದುವ ಅಧಿಕಾರಿಯು ನಾಲ್ಕು ಜನರೆದುರು ಹಂಗಿಸದೆ, ಪ್ರತ್ಯೇಕವಾಗಿ ಕರೆದು ಹೇಳಬೇಕು. ಮನಸ್ಸು ತೀರ ಕುಗ್ಗಿದಾಗ ವೈದ್ಯರ ನೆರವು ಪಡೆಯುವುದು ನಾಚಿಕೆಯ ಸಂಗತಿಯಲ್ಲ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಕರೆಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.

ಎಲ್ಲಕ್ಕಿಂತ ಮುಖ್ಯವಾದುದು ಸುತ್ತಲಿನವರ ನಡತೆ. ಒಬ್ಬನನ್ನು ಹಲವರು ಹೀಯಾಳಿಸುವಾಗ ಜೊತೆಗೆ ನಗುವವನೂ ಅದರಲ್ಲಿ ಪಾಲುಗಾರನೇ. ಒಬ್ಬ ಜೊತೆಗಾರನು ಪಕ್ಕದಲ್ಲಿ ನಿಂತರೆ ಪೀಡಿತನು ಒಂಟಿಯಾಗಿ ಉಳಿಯುವುದಿಲ್ಲ. ಇಂದು ತರಗತಿಯಲ್ಲಿ ಹಾಗೆ ನಿಲ್ಲಲು ಕಲಿತ ವಿದ್ಯಾರ್ಥಿಗೆ ನಾಳೆ ಕಚೇರಿಯಲ್ಲಿ ಅದು ಕಷ್ಟವಾಗಲಾರದು.

ಅಭ್ಯಾಸ

1. ‘ಮಾಬಿಂಗ್’ ಎಂಬ ಪದವು ದುಡಿಮೆಯ ಕ್ಷೇತ್ರಕ್ಕೆ ಹೇಗೆ ಬಂದಿತು?
2. ಒಂದು ದಿನದ ಕೋಪಕ್ಕೂ ಪೀಡನೆಗೂ ಇರುವ ವ್ಯತ್ಯಾಸವೇನು?
3. ಪೀಡಿತನಿಗೆ ಎರಡನೆಯ ಬಾರಿ ಅನ್ಯಾಯವಾಗುವುದು ಹೇಗೆ? ವಿವರಿಸಿರಿ.