ಮೊದಲು ನಿನ್ನ ಮೊಬೈಲಿಗೆ ಹಾಕು

ಪುಟ್ಟಿ, ಒಂಬತ್ತನೇ ಕ್ಲಾಸಿನ ಮಗನಿಗೆ ಒಳ್ಳೆಯ ಅಭ್ಯಾಸ ಹತ್ತಿಸೋಕೆ ಯಾವ ಆ್ಯಪ್ ಹಾಕಿಕೊಡಲಿ ದೊಡ್ಡಮ್ಮ ಅಂತ ಕೇಳಿದ್ದೆಯಲ್ಲ. ಬೇಡ ಅನ್ನುವವಳು ನಾನಲ್ಲ. ನನ್ನ ಬಿ.ಪಿ. ಮಾತ್ರೆಯ ಹೊತ್ತನ್ನು ಈಗ ಮೊಬೈಲೇ ಕೂಗಿ ಹೇಳುತ್ತದೆ. ಆದರೆ ಮೊದಲು ನಿನ್ನ ಮೊಬೈಲಿಗೆ ಹಾಕು, ನಿಮ್ಮ ಯಜಮಾನರದ್ದಕ್ಕೂ ಹಾಕು. ಹುಡುಗನದ್ದು ಆಮೇಲೆ.

ದುಡ್ಡು ಕೊಟ್ಟು ಏನೂ ತರಬೇಕಾಗಿಲ್ಲ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಡಿಜಿಟಲ್ ವೆಲ್‌ಬೀಯಿಂಗ್’ ಅಂತ ಇರುತ್ತದೆ, ಐಫೋನಾದರೆ ‘ಸ್ಕ್ರೀನ್ ಟೈಮ್’. ಎರಡೂ 2018ರಿಂದ ಇವೆ. ತೆರೆದರೆ ಇವತ್ತು ಒಟ್ಟು ಎಷ್ಟು ಹೊತ್ತು ನೋಡಿದೆ, ಅದರಲ್ಲಿ ವಾಟ್ಸ್‌ಆ್ಯಪ್ ಎಷ್ಟು, ಯೂಟ್ಯೂಬ್ ಎಷ್ಟು, ಎಲ್ಲ ಕಾಣುತ್ತದೆ. ಭಾನುವಾರ ತಿಂಡಿ ಆದಮೇಲೆ ಮೂವರೂ ಫೋನನ್ನು ಮೇಜಿನ ಮೇಲಿಟ್ಟು ತೆರೆಯಿರಿ. ಮಗನ ಲೆಕ್ಕ ನೋಡುವ ಮುಂಚೆ ಅವರಪ್ಪನ ಲೆಕ್ಕ ಓದಿಸು. ಅವರ ಕ್ರಿಕೆಟ್ ರೀಲ್ಸ್ ಹೆಚ್ಚೋ ನಿನ್ನ ಸೀರೆ ರೀಲ್ಸ್ ಹೆಚ್ಚೋ ಅಲ್ಲೇ ತಿಳಿಯುತ್ತದೆ. ಹುಡುಗ ನಕ್ಕರೆ ನಗಲಿ ಬಿಡು. ತನ್ನೊಬ್ಬನಿಗೇ ಕಾವಲು ಅನ್ನಿಸಿದರೆ ಈ ವಯಸ್ಸಿನವರು ಕಣ್ಣು ತಪ್ಪಿಸುವುದನ್ನೇ ಕಲಿಯುತ್ತಾರೆ: ಸ್ನೇಹಿತನ ಫೋನು, ಇನ್ನೊಂದು ಅಕೌಂಟು, ನಿನಗೆ ಗೊತ್ತೇ ಆಗುವುದಿಲ್ಲ. ಮಕ್ಕಳ ಫೋನಿನ ಮೇಲೆ ಹೆತ್ತವರು ಕಣ್ಣಿಡುವ ಗೂಗಲ್‌ನ ಫ್ಯಾಮಿಲಿ ಲಿಂಕ್ ಥರದ್ದು ಹಾಕುವುದಾದರೆ ಅವನೆದುರೇ ಹಾಕು. ನಿನಗೆ ಏನೇನು ಕಾಣುತ್ತದೆ ಅನ್ನುವುದನ್ನೂ ತೋರಿಸಿಬಿಡು.

ಹೆಜ್ಜೆ ಎಣಿಸುವ ಆ್ಯಪ್ ಬಗ್ಗೆ ಒಂದು ಮಾತು. ದಿನಕ್ಕೆ 10,000 ಹೆಜ್ಜೆ ಅಂತ ಎಲ್ಲರೂ ಹೇಳುತ್ತಾರಲ್ಲ, ಅದು ಹೆಸರಾದದ್ದು ಒಂದು ಯಂತ್ರದ ಮಾರಾಟದಿಂದ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಒಂದು ಕಂಪನಿ ಸೊಂಟಕ್ಕೆ ಕಟ್ಟುವ ಹೆಜ್ಜೆ ಎಣಿಸುವ ಯಂತ್ರವನ್ನು ಆ ಸಂಖ್ಯೆಯ ಹೆಸರಿಟ್ಟೇ ಮಾರಿತು. 5ರಿಂದ 17 ವರ್ಷದವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಹೆಜ್ಜೆಯ ಲೆಕ್ಕವನ್ನಲ್ಲ. ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರಿನ ವೇಗ ಹೆಚ್ಚುವಂತೆ ಮೈ ಆಡಿಸಬೇಕು ಅನ್ನುತ್ತದೆ. ಫೋನು ಎಣಿಸುವುದು ತನ್ನ ಅಲುಗಾಟವನ್ನು. ನಿನ್ನ ಮಗ ಫೋನನ್ನು ಬ್ಯಾಗಿನಲ್ಲಿಟ್ಟು ಒಂದು ಗಂಟೆ ಕಬಡ್ಡಿ ಆಡಿ ಮಂಡಿ ತರಚಿಕೊಂಡು ಬಂದರೂ ಅದರ ಲೆಕ್ಕದಲ್ಲಿ ಸೊನ್ನೆ. (ನಮ್ಮೂರ ರಸ್ತೆಯಲ್ಲಿ ಆಟೋದಲ್ಲಿ ಕೂತವರಿಗೂ ನಾಲ್ಕು ಹೆಜ್ಜೆ ಸಿಕ್ಕರೆ ಆಶ್ಚರ್ಯವಿಲ್ಲ.) ಹಾಗಾಗಿ ಸಂಖ್ಯೆ ಕಡಿಮೆ ಅಂತ ಸಂಜೆ ಅವನನ್ನು ಬೈಯಬೇಡ, ಆಟಕ್ಕೆ ಹೋಗಿದ್ದೆಯಾ ಅಂತ ಕೇಳು.

ನಾನು ಖಂಡಿತ ಬೇಡ ಅನ್ನುವುದು ಕ್ಯಾಲರಿ ಎಣಿಸುವ ಆ್ಯಪನ್ನು, ಅದೂ ಬೆಳೆಯುವ ಮಕ್ಕಳಿಗೆ. ನನಗೋ ನಿನಗೋ ಸಕ್ಕರೆ ಕಾಯಿಲೆ ಇದ್ದು ಡಾಕ್ಟರು ಹೇಳಿದರೆ ಸರಿ. ಹದಿನಾಲ್ಕರ ಹುಡುಗನ ಮೈ ಮೂಳೆ ಕಟ್ಟುತ್ತಿರುತ್ತದೆ, ಎತ್ತರ ಏರುತ್ತಿರುತ್ತದೆ. ಅವನು ಮೂರನೇ ಸಲ ಅನ್ನ ಹಾಕಿಸಿಕೊಂಡರೆ ಅದು ಹಸಿವು. ಅಲ್ಲದೆ ಆ ಲೆಕ್ಕವೂ ಅಂದಾಜಿನದ್ದೇ. ಒಂದು ಮುದ್ದೆ ಅಂತ ಒತ್ತಿದರೆ ಅದು ನಿಮ್ಮತ್ತೆ ಕಟ್ಟುವ ಮುದ್ದೆಯೋ ಹೋಟೆಲಿನ ನಿಂಬೆಗಾತ್ರದ್ದೋ ಆ್ಯಪಿಗೆ ಹೇಗೆ ಗೊತ್ತಾಗಬೇಕು? ಇನ್ನು ಹೆಣ್ಣುಮಕ್ಕಳಿದ್ದ ಮನೆಯಲ್ಲಿ ಈ ಸಂಖ್ಯೆ ತಲೆಗೆ ಹೊಕ್ಕರೆ ಊಟ ಬಿಡುವುದು, ದಿನಾ ತೂಕ ನೋಡುವುದು, ಕನ್ನಡಿ ಮುಂದೆ ಅಳುವುದು ಶುರುವಾಗಬಹುದು. ಗಂಡುಮಕ್ಕಳೂ ಇದಕ್ಕೆ ಹೊರತಲ್ಲ. ಹಾಗೇನಾದರೂ ಕಂಡರೆ ಆ್ಯಪ್ ತೆಗೆದುಹಾಕಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು, ಮುಂದೂಡಬೇಡ. ಊಟದ ವಿಷಯದಲ್ಲಿ ಏನಾದರೂ ಬರೆದಿಡಲೇಬೇಕೆಂದರೆ ಇವತ್ತು ಸೊಪ್ಪು ತಿಂದೆವಾ, ಹಣ್ಣು ತಿಂದೆವಾ, ನೀರಿನ ಬಾಟಲಿ ಖಾಲಿಯಾಗಿ ಬಂತಾ ಅಂತ ಬರೆಯಿರಿ. ಎಲ್ಲರದ್ದೂ ಒಂದೇ ಪಟ್ಟಿಯಲ್ಲಿ.

ನಿದ್ದೆಗೆ ಆ್ಯಪೇ ಬೇಡ. ಈ ವಯಸ್ಸಿಗೆ 8ರಿಂದ 10 ಗಂಟೆ ಬೇಕು. ಚಾರ್ಜರನ್ನು ರೂಮಿನಿಂದ ಹಾಲ್‌ಗೆ ತಂದು ಹಾಕು, ಬೆಳಿಗ್ಗೆ ಏಳಲು ಒಂದು ಅಲಾರಂ ಗಡಿಯಾರ ಕೊಡಿಸು.

ಹಾಗೇ, ಇಂಥ ಎಷ್ಟೋ ಆ್ಯಪ್‌ಗಳು ವಯಸ್ಸು, ತೂಕ, ಹುಡುಗಿಯರಾದರೆ ತಿಂಗಳ ದಿನ ಎಲ್ಲ ಕೇಳುತ್ತವೆ. ಕೇಳಿದ್ದಕ್ಕೆಲ್ಲ ಉತ್ತರ ಕೊಡಲೇಬೇಕಿಲ್ಲ. 2023ರ ದತ್ತಾಂಶ ರಕ್ಷಣೆಯ ಕಾಯ್ದೆಯ ಪ್ರಕಾರ 18 ತುಂಬದವರು ಮಕ್ಕಳೇ, ಅವರ ಮಾಹಿತಿಗೆ ಅಪ್ಪ-ಅಮ್ಮನ ಒಪ್ಪಿಗೆ ಬೇಕು. ‘ಅಲೌ’ ಒತ್ತುವ ಮುಂಚೆ ಒಂದು ನಿಮಿಷ ಓದು.

ಒಂದು ದಿನ ತಪ್ಪಿತು ಅಂತ ಅಭ್ಯಾಸದ ದಿನ ಎಣಿಸುವ ಆ್ಯಪು ಅಷ್ಟೂ ದಿನದ ಲೆಕ್ಕವನ್ನು ಅಳಿಸಿ ಮತ್ತೆ ಒಂದರಿಂದ ಶುರುಮಾಡಿದರೆ ಮಕ್ಕಳು ಮುಖ ಸಣ್ಣ ಮಾಡಿಕೊಂಡು ಬಿಟ್ಟೇಬಿಡುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು ಅಭ್ಯಾಸ ಹೇಗೆ ಹತ್ತುತ್ತದೆ ಅನ್ನುವುದನ್ನು ಜನರ ಮೇಲೆ ನೋಡಿದ್ದಾರೆ. ಹೊಸ ಅಭ್ಯಾಸ ತಾನಾಗಿ ನಡೆಯಲು ಸರಾಸರಿ 66 ದಿನ ಬೇಕಾಯಿತು. ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ದಿನದ ಅಂದಾಜು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಕಾಣಲಿಲ್ಲ. ಹಬ್ಬಕ್ಕೆ ಊರಿಗೆ ಬಂದಾಗ ತಪ್ಪಿದರೆ ತಪ್ಪಲಿ.

ಎಷ್ಟು ಮಾಡಿದರೂ, ಫೋನು ಕಿತ್ತುಕೊಂಡರೆ ಅವನು ಕೂಗಾಡುವುದು, ಸ್ಕೂಲು ಬಿಡುವುದು ಅಂತಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ‘ಶಟ್’ ಕ್ಲಿನಿಕ್ ಇದೆ. ದೂರವಾದರೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನು ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ.

ಈಗ ಸದ್ಯಕ್ಕೆ ಒಂದೇ ಅಭ್ಯಾಸ ಸಾಕು. ಯಾವುದೆಂದು ಅವನನ್ನೇ ಕೇಳು. ಸಂಜೆ ಶಟಲ್ ಅಂದರೆ ಶಟಲ್. ಆ ಹೊತ್ತಿಗೆ ಟ್ಯೂಷನ್ ಇದೆಯಲ್ಲ, ಮೇಷ್ಟ್ರ ಹತ್ತಿರ ಸಮಯ ಬದಲಾಯಿಸುವ ಮಾತನ್ನು ನೀನೇ ಆಡಬೇಕಾಗುತ್ತದೆ.